ನಮ್ಮ ಮನೆಯ ಸ್ಟೇಷನ್ ವ್ಯಾಗನ್ನೂ ಅದರ ವೇಗವೂ

ಸ್ಟೇಷನ್ ವ್ಯಾಗನ್ ಎಂಬ ಹೆಸರಿನಲ್ಲಿಯೇ ಆ ವಾಹನದ ಹುಟ್ಟಿನ ಕಥೆ ಅಡಗಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಊರುಗಳಲ್ಲಿ ರೈಲಿನಿಂದ ಇಳಿದ ಪ್ರಯಾಣಿಕರನ್ನೂ ಅವರ ಗಂಟುಮೂಟೆಗಳನ್ನೂ ನಿಲ್ದಾಣದಿಂದ ಹೋಟೆಲಿಗೋ ಮನೆಗೋ ಮುಟ್ಟಿಸುವುದಕ್ಕಾಗಿ, ಹಿಂಭಾಗದಲ್ಲಿ ಮರದ ಮೈಯನ್ನು ಕಟ್ಟಿದ ಮೋಟಾರುಗಳು ಓಡಾಡುತ್ತಿದ್ದವು. ಸ್ಟೇಷನ್ನಿಗೆ ಹೋಗಿ ಬರುವ ಬಂಡಿಯಾದುದರಿಂದ ಅದು ಸ್ಟೇಷನ್ ವ್ಯಾಗನ್ ಆಯಿತು. ಇಂಗ್ಲೆಂಡಿನವರು ಇದೇ ಮಾದರಿಯನ್ನು ಎಸ್ಟೇಟ್ ಕಾರು ಎಂದು ಕರೆದರು. ಅಲ್ಲಿ ಎಸ್ಟೇಟು ಎಂದರೆ ಸಿರಿವಂತರ ಹಳ್ಳಿಯ ಜಮೀನು. ನಮ್ಮ ಮಲೆನಾಡಿನಲ್ಲಿ ಎಸ್ಟೇಟು ಎಂದರೆ ಕಾಫಿ ತೋಟವಲ್ಲದೆ ಬೇರೆಯಲ್ಲ. ಆದುದರಿಂದ ಮೂಡಿಗೆರೆಯ ಕಡೆಯ ನಮ್ಮ ಹಳ್ಳಿಯಲ್ಲಿ, ಕಾಫಿ ಎಸ್ಟೇಟಿನವರು ಕೊಳ್ಳುವುದರಿಂದಲೇ ಈ ಕಾರಿಗೆ ಆ ಹೆಸರು ಬಂದಿತೆಂದು ಹಿರಿಯರೆಲ್ಲರೂ ನಂಬಿದ್ದರು. ನಾನು ಅದನ್ನು ತಿದ್ದಲು ಹೋಗಲಿಲ್ಲ; ಅವರ ವಿವರಣೆಯೇ ಹೆಚ್ಚು ಸೊಗಸಾಗಿತ್ತು.

ನಮ್ಮ ದೊಡ್ಡಪ್ಪನವರು ೧೯೬೯ರಲ್ಲಿ ಕೊಂಡದ್ದು ಆಂಬಾಸಡರ್ ಮಾರ್ಕ್ ೨, ಎಸ್ಟೇಟ್ ಮಾದರಿ. ಹಿಂದೆ ಡಿಕ್ಕಿಯಿಲ್ಲ; ಮಾಡು ಕೊನೆಯವರೆಗೂ ನೇರವಾಗಿ ಹೋಗಿ, ಹಿಂಬಾಗಿಲಿನಲ್ಲಿ ಇಳಿಯುತ್ತದೆ. ಏಲಕ್ಕಿ ಮೂಟೆ, ಮದುವೆಯ ಪಾತ್ರೆ, ಪರೀಕ್ಷೆಗೆ ಹೊರಟ ಹುಡುಗರು, ಹೆರಿಗೆ ನೋವು ಬಂದ ಹೆಂಗಸರು, ಎಲ್ಲರೂ ಎಲ್ಲವೂ ಅದರಲ್ಲಿ ಘಾಟಿ ಇಳಿದದ್ದುಂಟು. ದೊಡ್ಡಪ್ಪನವರು ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಅದು ಸೌದೆಕೊಟ್ಟಿಗೆಯಲ್ಲಿ ನಿಂತಿತು. ಕೋಳಿಗಳು ಅದರಲ್ಲಿ ಸಂಸಾರ ಹೂಡಿದವು. ಕೊನೆಗೊಂದು ದಿನ ಅಣ್ಣ ಅದನ್ನು ಗುಜರಿಗೆ ಕೊಡುವ ಮಾತು ಎತ್ತಿದ. ಎಂಜಿನಿಯರಿಂಗ್ ಓದುತ್ತಿದ್ದ ಅವನ ಮಗ, "ಚಿಕ್ಕಪ್ಪ, ಗುಜರಿಗೆ ಬೇಡ. ನಾವಿಬ್ಬರೂ ಸೇರಿ ಇದನ್ನು ರೇಸಿನ ಕಾರು ಮಾಡೋಣ" ಎಂದ. ಅಮ್ಮ ಮಾತ್ರ, "ಭಾವನವರು ಇಟ್ಟಿದ್ದ ಹಾಗೆಯೇ ಇರಲಪ್ಪ. ಕಳಸಕ್ಕೆ ಹೋಗುವಾಗ ನಾನು ಕೂತುಕೊಳ್ಳುವ ಜಾಗ ಮಾತ್ರ ಕೀಳಬೇಡಿ" ಎಂದಳು.

ಇತಿಹಾಸ ಕಲಿಸುವ ಅಧ್ಯಾಪಕನಿಗೆ ಮೋಟಾರಿನ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಕಾಲೇಜಿನ ಅಂಗಳದಲ್ಲಿ ಆ ಕಾರನ್ನು ನಿಲ್ಲಿಸಿದಾಗಲೆಲ್ಲ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಿಗೆ ಒಮ್ಮೆಗೇ ಉತ್ತರ ಹೇಳಿಬಿಡುವುದು ಈ ಲೇಖನದ ಒಂದು ಉದ್ದೇಶ. ಹಳೆಯದನ್ನು ಎಷ್ಟರಮಟ್ಟಿಗೆ ಬದಲಾಯಿಸಿದರೆ ಅದು ಹಳೆಯದಾಗಿಯೇ ಉಳಿಯುತ್ತದೆ ಎಂಬ ಪ್ರಶ್ನೆ ಶಾಸನಗಳನ್ನೂ ದೇವಾಲಯಗಳನ್ನೂ ಕುರಿತು ಪಾಠ ಹೇಳುವವನಿಗೆ ಹೊಸದಲ್ಲ ಎಂಬುದು ಇನ್ನೊಂದು ಕಾರಣ.

ಮೊದಲು ಕಾಯಿದೆಯ ಮಾತನ್ನು ಮುಗಿಸಿಬಿಡೋಣ. ಹುಮ್ಮಸ್ಸಿನಲ್ಲಿ ಹೆಚ್ಚು ಜನ ಅದನ್ನು ಕೊನೆಗೆ ನೋಡುತ್ತಾರೆ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣವು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ನಿರ್ದೇಶಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಹೇಳುತ್ತದೆ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತೂ ಬಿಗಿಯಾಗಿ ಎತ್ತಿಹಿಡಿಯಿತು. ಇನ್ನು ೨೦೨೧ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅದಕ್ಕೆ ವಿ.ಎ. ಎಂಬ ಅಕ್ಷರಗಳುಳ್ಳ ಬೇರೆ ಸಂಖ್ಯೆ. ಶುಲ್ಕ ೨೦,೦೦೦ ರೂಪಾಯಿ. ಅವಧಿ ಹತ್ತು ವರ್ಷ. ಆದರೆ ಷಾಸಿ, ಮೈ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟು ಆಗಿರಕೂಡದು. ಅಲ್ಲದೆ ಅಂಥ ವಾಹನವನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ್‍ಯಾಲಿ, ದುರಸ್ತಿ ಮುಂತಾದ ಕೆಲವೇ ಕಾರಣಗಳಿಗೆ ರಸ್ತೆಗೆ ತರಬಹುದು.

ಎಂದಮೇಲೆ ನಮ್ಮ ಮುಂದೆ ಇದ್ದ ಕವಲು ಹೀಗಿತ್ತು. ಹುಡುಗ ಹೇಳಿದಂತೆ ಜಪಾನಿನ ಹೊಸ ಎಂಜಿನ್ನನ್ನು ಕೂಡಿಸಿ ಮೈಯನ್ನು ಕತ್ತರಿಸಿದರೆ, ಕಾರು ರಸ್ತೆಗೂ ಸಲ್ಲದು, ವಿಂಟೇಜ್ ಪಟ್ಟಿಗೂ ಸಲ್ಲದು. ಮೈದಾನದ ಆಟಿಗೆಯಾಗಿ ಉಳಿಯುತ್ತದೆ. ವಿ.ಎ. ಸಂಖ್ಯೆ ಪಡೆದರೆ ಮರ್ಯಾದೆಯೇನೋ ಉಂಟು, ಅಮ್ಮನ ಕಳಸದ ಯಾತ್ರೆ ಇಲ್ಲ. ಅಮ್ಮನಿಗೆ ಎಂಬತ್ತಮೂರು. ಹತ್ತು ವರ್ಷದ ನೋಂದಣಿಯ ಲೆಕ್ಕವನ್ನು ಆಕೆಯ ಮುಂದೆ ಹೇಳುವುದು ನನ್ನಿಂದಾಗಲಿಲ್ಲ. ಆದುದರಿಂದ ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಸಾಮಾನ್ಯ ನೋಂದಣಿಯನ್ನೇ ನವೀಕರಿಸುವುದೆಂದು ಗೊತ್ತುಮಾಡಿದೆವು. ರಸ್ತೆಯಲ್ಲಿ ಕಾರು ಕಾರ್ಖಾನೆಯಿಂದ ಬಂದಂತೆಯೇ ಇರಬೇಕು. ವೇಗಕ್ಕಾಗಿ ಮಾಡುವುದೆಲ್ಲ ನಟ್ಟು ಬೋಲ್ಟಿನಿಂದ ಕೂಡಿಸಿ, ನಟ್ಟು ಬೋಲ್ಟಿನಿಂದಲೇ ತೆಗೆಯುವಂತಿರಬೇಕು. ಅದರ ಪ್ರಯೋಗ ಮುಚ್ಚಿದ ರೇಸಿನ ಮೈದಾನದಲ್ಲಿ ಮಾತ್ರ, ಅಲ್ಲಿಗೆ ಪ್ರಯಾಣ ಲಾರಿಯ ಮೇಲೆ. ಹುಡುಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಅನಂತರ ಆಂಬಾಸಡರಿನ ಎಂಜಿನ್ನಿನ ವಂಶಾವಳಿಯನ್ನು ಅವನಿಗೆ ಹೇಳಿದೆ, ಮುಖ ಅರಳಿತು.

ಆ ವಂಶಾವಳಿಯನ್ನು ಇಲ್ಲಿಯೂ ಹೇಳಬೇಕು. ಆಂಬಾಸಡರ್ ಎಂಬುದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸೀರೀಸಿನ ಭಾರತೀಯ ರೂಪ. ೧೯೫೭ರಿಂದ ೨೦೧೪ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅದು ತಯಾರಾಯಿತು. ನಮ್ಮ ಕಾರಿನಲ್ಲಿರುವುದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಎಂಜಿನ್ನು: ನಾಲ್ಕು ಸಿಲಿಂಡರು, ೧೪೮೯ ಘನ ಸೆಂಟಿಮೀಟರು, ಸುಮಾರು ಐವತ್ತು ಕುದುರೆಗಳ ಬಲ. ಇದೇ ಎಂಜಿನ್ನನ್ನು ಅದೇ ಕಾರ್ಪೊರೇಷನ್ನು ೧೯೫೫ರಲ್ಲಿ ಎಂ.ಜಿ.ಎ. ಎಂಬ ಎರಡು ಸೀಟಿನ ಕ್ರೀಡಾ ಕಾರಿನಲ್ಲಿಯೂ ಇರಿಸಿತು. ಗಾತ್ರ ಅದೇ, ಪಿಸ್ಟನ್ನಿನ ಓಟ ಅದೇ. ಎರಡು ಕಾರ್ಬುರೇಟರು, ಹೆಚ್ಚಿನ ಒತ್ತಡ, ಬೇರೆ ಕ್ಯಾಮು ಇವುಗಳಿಂದ ಅಲ್ಲಿ ಅದು ಮೊದಲು ೬೮, ಅನಂತರ ೭೨ ಕುದುರೆಗಳ ಬಲ ಕೊಟ್ಟಿತು. ನಮ್ಮ ಟ್ಯಾಕ್ಸಿ ನಿಲ್ದಾಣಗಳಲ್ಲಿ ಹೊಗೆಯುಗುಳುತ್ತಿದ್ದ ಮುದಿ ಆಂಬಾಸಡರಿಗೂ ರೇಸಿನ ಎಂ.ಜಿ.ಗೂ ಒಡಹುಟ್ಟಿನ ಸಂಬಂಧವುಂಟೆಂದು ಎಷ್ಟು ಜನಕ್ಕೆ ಗೊತ್ತು? ಮದರಾಸಿನ ಬಳಿ ಶೋಲಾವರದ ಹಳೆಯ ಯುದ್ಧಕಾಲದ ವಿಮಾನ ಪಟ್ಟಿಯಲ್ಲಿ ದಶಕಗಳ ಕಾಲ ರೇಸುಗಳು ನಡೆಯುತ್ತಿದ್ದಾಗ, ಆಂಬಾಸಡರುಗಳನ್ನೂ ಫಿಯಟ್ಟುಗಳನ್ನೂ ಹದಮಾಡಿ ಓಡಿಸುತ್ತಿದ್ದವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಕೆಲಸ ಆರಂಭವಾದದ್ದು ಮಾತ್ರ ಎಂಜಿನ್ನಿನಿಂದಲ್ಲ, ತುಕ್ಕಿನಿಂದ. ಲಾರಿಗೆ ಇರುವಂತೆ ಈ ಕಾರಿಗೆ ಪ್ರತ್ಯೇಕ ಉಕ್ಕಿನ ಚೌಕಟ್ಟಿಲ್ಲ. ತಗಡಿನ ಮೈಯೇ ಚೌಕಟ್ಟು. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ಪೆಟ್ಟಿಗೆಯಂಥ ಭಾಗವೇ ಅದರ ಬೆನ್ನೆಲುಬು. ಅದು ತುಕ್ಕು ಹಿಡಿದರೆ ಹೊರಗೆ ಬಣ್ಣ ಥಳಥಳಿಸುತ್ತಿದ್ದರೂ ಕಾರು ಒಳಗೆ ಮುರಿದಿದೆಯೆಂದೇ ಅರ್ಥ. ಎಸ್ಟೇಟ್ ಮಾದರಿಯಲ್ಲಿ ಈ ಮಾತು ಇನ್ನಷ್ಟು ಸತ್ಯ. ಸಾಧಾರಣ ಕಾರಿನಲ್ಲಿ ಹಿಂದಿನ ಸೀಟಿಗೂ ಡಿಕ್ಕಿಗೂ ನಡುವೆ ತಗಡಿನ ಅಡ್ಡಗೋಡೆಯಿದ್ದು, ಮೈಯನ್ನು ತಿರುಚಿಕೊಳ್ಳದಂತೆ ಹಿಡಿಯುತ್ತದೆ. ಎಸ್ಟೇಟಿನಲ್ಲಿ ಅದಿಲ್ಲ, ಹಿಂದೆ ದೊಡ್ಡ ಬಾಗಿಲಿನ ದೊಡ್ಡ ತೂತು. ಮುಚ್ಚಳ ತೆಗೆದ ಬೆಂಕಿಪೊಟ್ಟಣವನ್ನು ಎರಡು ಕೈಯಲ್ಲಿ ಹಿಡಿದು ತಿರುಚಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ತಿರುವಿನಲ್ಲಿ ಮೈ ತಿರುಚಿಕೊಂಡರೆ ಚಕ್ರಗಳು ಎತ್ತ ನೋಡಬೇಕೋ ಅತ್ತ ನೋಡುವುದಿಲ್ಲ. ಹಾಗಾಗಿ ತುಕ್ಕನ್ನು ತೆಗೆದು ಹೊಸ ಉಕ್ಕನ್ನು ಕೂಡಿಸುವುದು ಅಲಂಕಾರದ ಕೆಲಸವಲ್ಲ. ವೇಗದ ಕೆಲಸವೇ ಅಲ್ಲಿಂದ ಮೊದಲಾಗುತ್ತದೆ.

ಎಡಗಡೆಯ ಪೆಟ್ಟಿಗೆಯನ್ನು ಕೊರೆದಾಗ ಉಕ್ಕಿನ ಬದಲು ಮುದ್ದೆಮಾಡಿ ತುರುಕಿದ ವೃತ್ತಪತ್ರಿಕೆ ಸಿಕ್ಕಿತು. ೧೯೮೭ರ ಪತ್ರಿಕೆ, ಕಾಫಿಯ ಧಾರಣೆಯನ್ನು ಇನ್ನೂ ಓದಬಹುದಾಗಿತ್ತು. ಯಾವುದೋ ಗ್ಯಾರೇಜಿನವರು ಪತ್ರಿಕೆ ತುರುಕಿ, ಮೇಲೆ ಪುಟ್ಟಿ ಬಳಿದು, ಬಣ್ಣ ಹೊಡೆದು ದೊಡ್ಡಪ್ಪನವರಿಂದ ಪೂರ್ತಿ ಹಣ ಪಡೆದಿದ್ದರು. ಹತ್ತಾರು ಮಂದಿಯನ್ನು ಹೊತ್ತು ಆ ಕಾರು ಅನಂತರವೂ ವರ್ಷಗಟ್ಟಲೆ ಘಾಟಿ ಇಳಿದಿದೆ ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಮ್ಮ ಟಿಂಕರಿಂಗ್ ಮೇಸ್ತ್ರಿ ಕಾರನ್ನು ನಾಲ್ಕು ಕಡೆ ಕಟ್ಟಿಗೆಯ ಆನಿಕೆ ಕೊಟ್ಟು ನಿಲ್ಲಿಸಿ, ಬಾಗಿಲುಗಳನ್ನು ಮುಚ್ಚಿಯೇ ಬೆಸುಗೆ ಮಾಡಿದರು. ಬಾಗಿಲು ತೆಗೆದಿಟ್ಟು ಹಳೆಯ ಪೆಟ್ಟಿಗೆಯನ್ನು ಕತ್ತರಿಸಿದರೆ ಮೈ ನಡುವಿನಲ್ಲಿ ಕುಸಿಯುತ್ತದಂತೆ. ಆಮೇಲೆ ಬಾಗಿಲು ಎಂದೂ ಕೂಡುವುದಿಲ್ಲ. ಒಮ್ಮೆಗೆ ಒಂದು ಗೇಣು ಕತ್ತರಿಸುವುದು, ಅಷ್ಟನ್ನೇ ಕೂಡಿಸುವುದು, ಅಳತೆ ನೋಡುವುದು. ಹೀಗೆ ನಾಲ್ಕು ತಿಂಗಳು. ಟೊಳ್ಳಿನ ಒಳಗೆ ಮೇಣ ಬೆರೆಸಿದ ಎಣ್ಣೆಯನ್ನು ಚಿಮ್ಮಿಸಿ, ನೀರು ಹರಿದುಹೋಗುವ ರಂಧ್ರಗಳನ್ನು ಬಿಡಿಸಿದೆವು. ಆ ರಂಧ್ರಗಳನ್ನು ಕಾರ್ಖಾನೆಯವರು ಬುದ್ಧಿಯಿಂದಲೇ ಇಟ್ಟಿದ್ದರು. ಮಲೆನಾಡಿನ ಕೆಸರು ಮುಚ್ಚಿತ್ತು.

ಎರಡನೆಯದು ಬ್ರೇಕು. ವೇಗವೆಂದರೆ ಎಂಜಿನ್ನು ಎಂದು ತಿಳಿಯುವ ಹುಡುಗರಿಗೆ ನಾನು ಒಂದು ಲೆಕ್ಕ ಹೇಳುವುದುಂಟು. ಓಡುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ ೬೦ ಕಿಲೋಮೀಟರಿನಿಂದ ೯೦ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು. ಆದರೆ ಬ್ರೇಕು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು. ಚಾಲಕನೂ ಸೇರಿ ೧೨೦೦ ಕಿಲೋಗ್ರಾಂ ತೂಗುವ ಕಾರನ್ನು ೮೦ ಕಿಲೋಮೀಟರು ವೇಗದಿಂದ ಒಮ್ಮೆ ನಿಲ್ಲಿಸಿದಾಗ ಹುಟ್ಟುವ ಶಾಖ ಒಂದು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಬರಿಯ ಬ್ರೇಕಿನ ಮೇಲೆ ೫೦೦ ಮೀಟರು ಎತ್ತರದ ಘಾಟಿಯನ್ನು ಇಳಿದರೆ ಇಪ್ಪತ್ತು ಲೀಟರು. ಹಬ್ಬದ ದಿನದ ಸ್ನಾನದ ಹಂಡೆಯೇ ಆಯಿತು. ಆ ಶಾಖವೆಲ್ಲ ನಾಲ್ಕು ಎರಕದ ಕಬ್ಬಿಣದ ಡ್ರಮ್ಮುಗಳೊಳಗೆ ಸೇರುತ್ತದೆ. ಡ್ರಮ್ಮು ಕಾದಂತೆ ಹಿಗ್ಗಿ, ಒಳಗಿನ ಲೈನಿಂಗಿನಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತವೂ ಕಡಮೆಯಾಗುತ್ತದೆ, ಪೆಡಲು ಆಳಕ್ಕಿಳಿಯುತ್ತದೆ. ಬ್ರೇಕಿನ ಎಣ್ಣೆ ಗಾಳಿಯಿಂದ ತೇವವನ್ನು ಹೀರಿಕೊಳ್ಳುವ ಗುಣದ್ದು. ಹಳೆಯ ಎಣ್ಣೆಯಲ್ಲಿ ಸೇರಿದ ನೀರು ಕುದಿದು ಆವಿಯಾದರೆ, ಪೆಡಲು ಒತ್ತಿದಾಗ ಆವಿ ಕುಗ್ಗುತ್ತದೆಯೇ ಹೊರತು ಚಕ್ರ ನಿಲ್ಲುವುದಿಲ್ಲ.

ಅನಂತರದ ವರ್ಷಗಳ ಆಂಬಾಸಡರುಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಬಂದಿತು. ಅದನ್ನೇ ತಂದು ಕೂಡಿಸೋಣವೆಂದು ಹುಡುಗ ಹಟ ಮಾಡಿದ. ಅವನ ಮಾತಿನಲ್ಲಿ ತಿರುಳಿತ್ತು. ಡಿಸ್ಕು ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ, ಕಾದು ಹಿಗ್ಗಿದರೆ ಪ್ಯಾಡಿನ ಕಡೆಗೇ ಬರುತ್ತದೆ. ಆದರೆ ಮೊದಲ ಎಂ.ಜಿ.ಎ. ಕಾರುಗಳು ನಾಲ್ಕು ಚಕ್ರಕ್ಕೂ ಡ್ರಮ್ಮನ್ನೇ ಇಟ್ಟುಕೊಂಡು ೭೨ ಕುದುರೆಗಳನ್ನು ನಿಲ್ಲಿಸುತ್ತಿದ್ದವು ಎಂಬುದನ್ನು ಅವನಿಗೆ ತೋರಿಸಿದೆ. ಅವು ನಮ್ಮ ಕಾರಿಗಿಂತ ಹಗುರ ಎಂದು ಅವನು ಉತ್ತರ ಕೊಟ್ಟ, ಅದೂ ನಿಜವೇ. ಕೊನೆಗೆ ಡ್ರಮ್ಮುಗಳನ್ನು ಲೇತಿನಲ್ಲಿ ವೃತ್ತಾಕಾರಕ್ಕೆ ತಂದು, ಹೊಸ ಲೈನಿಂಗನ್ನು ಅದರ ಬಾಗಿಗೆ ಸರಿಯಾಗಿ ತೀಡಿ, ಕೊಳವೆಗಳನ್ನೆಲ್ಲ ಹೊಸದು ಮಾಡಿ, ಹೆಚ್ಚಿನ ಕುದಿಬಿಂದುವಿನ ಎಣ್ಣೆಯನ್ನು ತುಂಬಿದೆವು. ಮೈದಾನದಲ್ಲಿ ಮೂರು ಸುತ್ತು ಓಡಿಸಿದ ಮೇಲೆ ಒಂದು ಸುತ್ತು ನಿಧಾನ ಎಂಬ ಒಪ್ಪಂದಕ್ಕೆ ಅವನಿಂದ ಸಹಿಯನ್ನೇ ಹಾಕಿಸಿಕೊಂಡೆ. ಆ ಚೀಟಿ ಈಗಲೂ ಕಾರಿನ ಮುಂದಿನ ಖಾನೆಯಲ್ಲಿದೆ.

ತೂಗುವಿಕೆಯ ವಿಷಯದಲ್ಲಿ ಎಸ್ಟೇಟಿಗೆ ಒಂದು ಸ್ವಭಾವದೋಷವುಂಟು. ಹಿಂದೆ ಮೂಟೆ ಹೊರಬೇಕಾದುದರಿಂದ ಅದರ ಪಟ್ಟಿ ಸ್ಪ್ರಿಂಗುಗಳು ಗಡುಸು. ಮೂಟೆಯಿಲ್ಲದೆ ಖಾಲಿ ಓಡುವಾಗ ಹಿಂಭಾಗ ಹಗುರವಾಗಿ, ಸ್ಪ್ರಿಂಗು ಮಾತ್ರ ಗಡುಸಾಗಿಯೇ ಉಳಿದು, ಗುಂಡಿಯ ಮೇಲೆ ಹಿಂದಿನ ಚಕ್ರಗಳು ನೆಗೆಯುತ್ತವೆ. ನೆಗೆದ ಚಕ್ರ ನೆಲವನ್ನು ಹಿಡಿಯಲಾರದು. ತಿರುವಿನಲ್ಲಿ ಬಾಲ ಹೊರಕ್ಕೆ ಸರಿಯುತ್ತದೆ. ಮುಂಭಾಗದಲ್ಲಿ ಇರುವುದು ತಿರುಚು ಸರಳು: ಉದ್ದನೆಯ ಉಕ್ಕಿನ ಸರಳಿನ ಒಂದು ತುದಿಯನ್ನು ಮೈಗೆ ಬಿಗಿದು, ಇನ್ನೊಂದನ್ನು ಚಕ್ರದ ತೋಳಿಗೆ ಸೇರಿಸಿದೆ, ಚಕ್ರ ಏರಿದಾಗ ಸರಳು ಒದ್ದೆಬಟ್ಟೆ ಹಿಂಡಿದಂತೆ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ನಮ್ಮದರಲ್ಲಿ ಎಡದ ಸರಳು ಐವತ್ತು ವರ್ಷದ ಭಾರಕ್ಕೆ ಸೋತು, ಕಾರು ಒಂದು ಕಡೆಗೆ ವಾಲಿತ್ತು. ಎರಡೂ ಬದಿಯನ್ನು ಸಮಮಾಡಿ, ಹಿಂದಿನ ಪಟ್ಟಿಗಳನ್ನು ಬಿಚ್ಚಿ ತುಕ್ಕು ತೆಗೆದು ಗ್ರೀಸು ಹಚ್ಚಿದೆವು. ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡಿದ್ದರಿಂದಲೇ ಅರ್ಧ ಗಡುಸುತನ ಬಂದಿತ್ತು. ಬಿಡಿಸಿದ ಮೇಲೆ ಅಮ್ಮನೇ, "ಈಗ ಸೊಂಟಕ್ಕೆ ಹಿತವಾಗಿದೆ" ಎಂದಳು. ಮೈದಾನಕ್ಕೆ ಹೋಗುವಾಗ ಮುಂದೆ ಓಲಾಟ ತಡೆಯುವ ಒಂದು ಸರಳನ್ನು ಬೋಲ್ಟಿನಿಂದ ಕೂಡಿಸುತ್ತೇವೆ. ಶಾಕ್ ಅಬ್ಸಾರ್ಬರುಗಳ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ; ಹೊಸದು ಹಾಕಬೇಕು, ಅಷ್ಟೆ.

ಸ್ಟೇಷನ್ ವ್ಯಾಗನ್ನನ್ನು ರೇಸಿಗೆ ಒಯ್ಯುವುದು ಹಾಸ್ಯಾಸ್ಪದ ಎನ್ನುವವರು ೧೯೯೪ನ್ನು ನೆನೆಯಬೇಕು. ಆ ವರ್ಷ ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್ಪಿನಲ್ಲಿ ವೋಲ್ವೋ ಕಂಪೆನಿಯವರು ಟಾಮ್ ವಾಕಿನ್‌ಷಾ ರೇಸಿಂಗ್ ತಂಡದ ಮೂಲಕ ೮೫೦ ಎಂಬ ಎಸ್ಟೇಟ್ ಕಾರುಗಳನ್ನೇ ಇಳಿಸಿದರು. ಓಡಿಸಿದವರು ಸ್ವೀಡನ್ನಿನ ರಿಕಾರ್ಡ್ ರೈಡೆಲ್ ಮತ್ತು ಹಾಲೆಂಡಿನ ಯಾನ್ ಲ್ಯಾಮರ್ಸ್. ಎದುರಾಳಿಗಳು ನಕ್ಕಾಗ, ಮೆರವಣಿಗೆಯ ಸುತ್ತಿನಲ್ಲಿ ಕಾರಿನ ಹಿಂಭಾಗದಲ್ಲಿ ಒಂದು ದೊಡ್ಡ ಬೊಂಬೆ ನಾಯಿಯನ್ನು ಕೂಡಿಸಿಕೊಂಡು ಹೋದರಂತೆ. ಮರು ವರ್ಷ ಅವರು ಸಾಧಾರಣ ಮಾದರಿಗೆ ತಿರುಗಿದರು. ಅದೇ ೧೯೯೪ರಲ್ಲಿ ಆಡಿ ಕಂಪೆನಿ ಪೋರ್ಷೆಯವರ ಸಹಾಯದಿಂದ ಆರ್.ಎಸ್. ೨ ಎಂಬ ೩೧೫ ಕುದುರೆಗಳ ಸಂಸಾರದ ವ್ಯಾಗನ್ನನ್ನು ಮಾರಾಟಕ್ಕೆ ತಂದಿತು. ನಮ್ಮ ಹುಡುಗನ ಕೋಣೆಯ ಗೋಡೆಯ ಮೇಲೆ ಅದರ ಚಿತ್ರವಿದೆ.

ಇನ್ನು ಎಂಜಿನ್ನು. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನನಗೆ ಅತ್ಯಂತ ಸಂತೋಷ ಕೊಟ್ಟ ಭಾಗ ಇದು. ಕಾರ್ಖಾನೆಯ ನಕ್ಷೆಯಲ್ಲಿ ನಾಲ್ಕು ಪಿಸ್ಟನ್ನುಗಳೂ ಒಂದೇ ತೂಕ, ನಾಲ್ಕು ಕೋಣೆಗಳೂ ಒಂದೇ ಗಾತ್ರ. ಸಾವಿರಗಟ್ಟಲೆ ತಯಾರಿಸುವಾಗ ಹಾಗೆ ಇರುವುದಿಲ್ಲ. ನಕ್ಷೆಯಲ್ಲಿ ಬರೆದದ್ದನ್ನು ಲೋಹದಲ್ಲಿಯೂ ನಿಜಮಾಡಿದರೆ, ಹೊಸದೇನನ್ನೂ ಸೇರಿಸದೆಯೇ ಎಂಜಿನ್ನು ಬೇರೆಯಾಗುತ್ತದೆ. ಇದಕ್ಕೆ ಯಾವ ಕಾಯಿದೆಯ ಅಡ್ಡಿಯೂ ಇಲ್ಲ. ನಾಲ್ಕು ಪಿಸ್ಟನ್ನುಗಳನ್ನೂ ಕನೆಕ್ಟಿಂಗ್ ರಾಡುಗಳನ್ನೂ ನಮ್ಮೂರಿನ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದೆವು. ಅವರು ಮೊದಲು ನಕ್ಕರು, ಅನಂತರ ನಮಗಿಂತ ಹೆಚ್ಚು ಆಸಕ್ತಿಯಿಂದ ಅರದಿಂದ ತಾವೇ ಉಜ್ಜಿ ಕೊಟ್ಟರು. ಹತ್ತು ಗ್ರಾಂ ವ್ಯತ್ಯಾಸವೇನು ಮಹಾ ಎನ್ನಬೇಡಿ. ನಿಮಿಷಕ್ಕೆ ೫೫೦೦ ಸುತ್ತಿನಲ್ಲಿ ಪಿಸ್ಟನ್ನಿನ ಮೇಲಿನ ಆ ಹತ್ತು ಗ್ರಾಂ, ಸುಮಾರು ಹದಿನೈದು ಕಿಲೋಗ್ರಾಂ ತೂಕದಷ್ಟು ಬಲದಿಂದ ಕ್ರಾಂಕನ್ನು ಮೇಲಕ್ಕೂ ಕೆಳಕ್ಕೂ ಜಗ್ಗುತ್ತದೆ. ಆ ಕ್ರಾಂಕನ್ನು ಹಿಡಿದಿರುವುದು ಮೂರೇ ಬೇರಿಂಗು.

ಹೆಡ್ಡಿನ ಕೋಣೆಗಳನ್ನು ಅಳೆಯಲು ಪಕ್ಕದ ವಿಜ್ಞಾನ ಕಾಲೇಜಿನ ರಸಾಯನ ಪ್ರಯೋಗಶಾಲೆಯಿಂದ ಬ್ಯೂರೆಟ್ಟನ್ನು ಎರವಲು ತಂದೆವು. ಕೋಣೆಯ ಮೇಲೆ ತೂತುಳ್ಳ ಗಾಜಿನ ಬಿಲ್ಲೆಯನ್ನು ಗ್ರೀಸಿನಿಂದ ಅಂಟಿಸಿ, ಬ್ಯೂರೆಟ್ಟಿನಿಂದ ಸೀಮೆಎಣ್ಣೆಯನ್ನು ತೊಟ್ಟುತೊಟ್ಟಾಗಿ ಬಿಟ್ಟು, ತುಂಬಿದಾಗ ಓದಿಕೊಳ್ಳುವುದು. ಒಂದೊಂದು ಸಿಲಿಂಡರಿನಲ್ಲಿ ಪಿಸ್ಟನ್ನು ಗುಡಿಸುವ ಗಾತ್ರ ೩೭೨ ಘನ ಸೆಂಟಿಮೀಟರು. ಒತ್ತಡದ ಅನುಪಾತ ೭.೨ ಆಗಿದ್ದರೆ ಮೇಲೆ ಉಳಿಯುವ ಜಾಗ ೬೦ ಘನ ಸೆಂಟಿಮೀಟರು, ಎಂ.ಜಿ.ಎ.ಯಲ್ಲಿದ್ದಂತೆ ೮.೩ ಬೇಕಾದರೆ ಅದು ೫೧ಕ್ಕೆ ಇಳಿಯಬೇಕು. ನಮ್ಮ ಮೂಲ ಹೆಡ್ಡನ್ನು ನಾಲ್ಕು ಕೋಣೆಗಳೂ ಸಮವಾಗುವಷ್ಟು ಮಾತ್ರ ಮುಟ್ಟಿ ಬಿಟ್ಟೆವು. ೫೧ರ ಪ್ರಯೋಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆ ಹುಡುಕಿ ಇನ್ನೊಂದು ಹಳೆಯ ಹೆಡ್ಡನ್ನು ತಂದು, ಅದರ ಮುಖವನ್ನು ತೆಳುವಾಗಿ ಕೆತ್ತಿಸಿದೆವು. ಹೀಗೆ ನಮ್ಮಲ್ಲಿ ಎರಡು ಹೆಡ್ಡುಗಳಿವೆ: ಮನೆಯದು ಒಂದು, ಮೈದಾನದ್ದು ಒಂದು. ಬದಲಾಯಿಸುವುದು ಒಂದು ಹಗಲಿನ ಕೆಲಸ.

ಈ ಹೆಡ್ಡಿನ ಹೃದಯಾಕಾರದ ಕೋಣೆ ಹ್ಯಾರಿ ವೆಸ್ಲೇಕ್ ಎಂಬ ಇಂಗ್ಲಿಷ್ ತಜ್ಞನ ಕಲ್ಪನೆ. ಬಹಳ ಚೆಲುವಾದ ಆಕಾರ. ಆದರೆ ಗಾಳಿ ಒಳಬರುವ ದಾರಿಯಲ್ಲಿ ಜಿಪುಣತನವಿದೆ. ನಾಲ್ಕು ಸಿಲಿಂಡರುಗಳಿಗೆ ಎರಡೇ ಬಾಯಿ. ಒಂದು ಬಾಯಿ ಒಂದನೆಯ ಮತ್ತು ಎರಡನೆಯ ಸಿಲಿಂಡರಿಗೆ, ಇನ್ನೊಂದು ಮೂರು ಮತ್ತು ನಾಲ್ಕಕ್ಕೆ. ಉರಿಯುವ ಸರದಿ ೧, ೩, ೪, ೨. ಅಂದರೆ ಎರಡನೆಯದು ಉಸಿರೆಳೆದ ಕೂಡಲೇ ಒಂದನೆಯದೂ ಅದೇ ಬಾಯಿಂದ ಎಳೆಯುತ್ತದೆ. ಆಮೇಲೆ ಬಹಳ ಹೊತ್ತು ಇಬ್ಬರೂ ಸುಮ್ಮನೆ. ಒಂದೇ ಎಳನೀರಿಗೆ ಎರಡು ಕೊಳವೆ ಹಾಕಿ ಇಬ್ಬರು ಮಕ್ಕಳು ಕುಡಿದಂತೆ. ಪಾಲು ಎಂದೂ ಸಮವಾಗದು. ಈ ಜಗಳವನ್ನು ಪೂರ್ತಿ ಬಗೆಹರಿಸಲು ಬರುವುದಿಲ್ಲ. ಪ್ರತಿ ಬಾಯಿಗೂ ಒಂದೊಂದು ಕಾರ್ಬುರೇಟರು ಕೊಟ್ಟರೆ ಎರಡು ಜೋಡಿಗಳ ನಡುವಿನ ಜಗಳವಾದರೂ ನಿಲ್ಲುತ್ತದೆ. ಎಂ.ಜಿ.ಎ.ಯಲ್ಲಿ ಎರಡು ಕಾರ್ಬುರೇಟರು ಏಕೆ ಇದ್ದವೆಂಬುದು ಈಗ ಅರ್ಥವಾಯಿತಷ್ಟೆ.

ಅವು ಎಸ್.ಯು. ಕಾರ್ಬುರೇಟರುಗಳು, ಸ್ಕಿನ್ನರ್ಸ್ ಯೂನಿಯನ್ ಎಂಬುದರ ಮೊದಲಕ್ಷರಗಳು. ಸ್ಕಿನ್ನರ್ ಸಹೋದರರು ಜೋಡು ವ್ಯಾಪಾರದ ಮನೆತನದವರು, ಮೊದಲ ಎಸ್.ಯು.ಗಳಲ್ಲಿ ಇದ್ದ ತಿದಿ ಚರ್ಮದ್ದೇ. ಅದರ ಉಪಾಯ ಸರಳ. ಗಂಟಲಿನಲ್ಲಿ ಒಂದು ಪಿಸ್ಟನ್ನು ಗಾಳಿಯ ಸೆಳೆತಕ್ಕೆ ತಾನಾಗಿಯೇ ಏಳುತ್ತದೆ, ಇಳಿಯುತ್ತದೆ. ಅದರ ತಳದಲ್ಲಿ ಚೂಪಾದ ಸೂಜಿ ಪೆಟ್ರೋಲಿನ ರಂಧ್ರದೊಳಗೆ ಇಳಿಬಿದ್ದಿದೆ. ಪಿಸ್ಟನ್ನು ಎದ್ದಷ್ಟೂ ಸೂಜಿಯ ತೆಳು ಭಾಗ ರಂಧ್ರಕ್ಕೆ ಬಂದು, ಗಾಳಿಗೆ ತಕ್ಕಷ್ಟು ಪೆಟ್ರೋಲು ಬರುತ್ತದೆ. ಎಂಜಿನ್ನು ಬಡವಾಗಿ ಉರಿದರೆ ಸೂಜಿಯನ್ನು ಬದಲಾಯಿಸಿದರಾಯಿತು. ಎರಡು ಕಾರ್ಬುರೇಟರುಗಳನ್ನು ಸಮಮಾಡಲು ಮೀಟರು ಬೇಕಾಗಿಲ್ಲ. ರಬ್ಬರು ಕೊಳವೆಯ ಒಂದು ತುದಿಯನ್ನು ಗಂಟಲಿನ ಬಳಿ, ಇನ್ನೊಂದನ್ನು ಕಿವಿಯಲ್ಲಿ ಇಟ್ಟು, ಎರಡರ ಸುಯ್ಯುವ ದನಿಯೂ ಒಂದೇ ಆಗುವವರೆಗೆ ತಿರುಪನ್ನು ತಿರುಗಿಸಬೇಕು. ಈ ಕೆಲಸದಲ್ಲಿ ಸಂಗೀತ ಬಲ್ಲ ನನ್ನ ಹೆಂಡತಿ ನಮ್ಮಿಬ್ಬರಿಗಿಂತ ಎಷ್ಟೋ ಮೇಲು.

ಇಂದಿನ ಪೆಟ್ರೋಲು ಈ ಎಂಜಿನ್ನಿಗೆ ಒಗ್ಗುವ ಆಹಾರವಲ್ಲ. ೧೯೬೯ರ ಪೆಟ್ರೋಲಿನಲ್ಲಿ ಸೀಸವಿತ್ತು. ಕಾದ ಎಕ್ಸಾಸ್ಟ್ ವಾಲ್ವು ಎರಕದ ಕಬ್ಬಿಣದ ತನ್ನ ಪೀಠಕ್ಕೆ ಬಡಿದಾಗ ಅದು ನಡುವೆ ತೆಳುವಾದ ಪೊರೆಯಾಗಿ ಕಾಪಾಡುತ್ತಿತ್ತು. ೨೦೦೦ದಲ್ಲಿ ದೇಶದಾದ್ಯಂತ ಸೀಸ ನಿಂತಿತು. ಜನರ ಆರೋಗ್ಯಕ್ಕೆ ಅದು ಒಳ್ಳೆಯದೇ ಆಯಿತು, ಆದರೆ ಹಳೆಯ ಪೀಠಗಳು ಸವೆದು ವಾಲ್ವು ಒಳಕ್ಕೆ ಇಳಿಯತೊಡಗಿತು. ಇದಕ್ಕೆ ಗಟ್ಟಿ ಉಕ್ಕಿನ ಉಂಗುರಗಳನ್ನು ಪೀಠಕ್ಕೆ ಕೂಡಿಸುವುದೇ ಪರಿಹಾರ. ಎರಡೂ ಹೆಡ್ಡುಗಳಿಗೆ ಮಾಡಿಸಿದ್ದೇವೆ. ಎರಡನೆಯದು ಎಥೆನಾಲು. ೨೦೨೫ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಅದರ ಪಾಲು ಶೇಕಡ ಇಪ್ಪತ್ತಕ್ಕೆ ಬಂದಿತು. ಅದು 
ಹಳೆಯ ರಬ್ಬರು ಕೊಳವೆಗಳನ್ನೂ ಬೆಂಡಿನ ಗ್ಯಾಸ್ಕೆಟ್ಟುಗಳನ್ನೂ ಕೊರೆದುಹಾಕುತ್ತದೆ. ಸೋರಿದ ಪೆಟ್ರೋಲು ಕಾದ ಸೈಲೆನ್ಸರಿನ ಮೇಲೆ ಬಿದ್ದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಆದುದರಿಂದ ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಎಥೆನಾಲು ತಾಳುವ ಕೊಳವೆಗಳನ್ನೇ ಹಾಕಬೇಕು. ಎಥೆನಾಲಿನೊಳಗೇ ಆಮ್ಲಜನಕವಿರುವುದರಿಂದ ಮಿಶ್ರಣ ಬಡವಾಗುತ್ತದೆ. ಅದಕ್ಕೆ ತಕ್ಕಂತೆ ಸೂಜಿಯನ್ನು ಒಂದು ಹೆಜ್ಜೆ ದಪ್ಪ ಮಿಶ್ರಣದ ಕಡೆಗೆ ಬದಲಾಯಿಸಿದೆವು. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ಪೆಟ್ರೋಲು ತೇವ ಹೀರಿಕೊಳ್ಳುವುದರಿಂದ, ಮಳೆಗಾಲದಲ್ಲಿ ಟ್ಯಾಂಕನ್ನು ಬರಿದುಮಾಡಿ ಇಡುತ್ತೇವೆ.

ಇಷ್ಟೆಲ್ಲ ಆದ ಮೇಲೆ ಲಾರಿಯ ಮೇಲೆ ಕಾರನ್ನು ಏರಿಸಿ ಕೊಯಮತ್ತೂರಿನ ಬಳಿಯ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ದೆವು. ೧೯೯೫ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಎಂಬ ರೇಸುಗಾರರ ನೆನಪಿಗೆ ಹೆಸರಿಟ್ಟ ಮೈದಾನ ಅದು, ೨೦೦೩ರಿಂದ ಇದೆ. ಕಡಮೆ ವೆಚ್ಚದಲ್ಲಿ ನಮ್ಮ ಹುಡುಗರು ರೇಸು ಕಲಿಯಲೆಂದು ಮಾರುತಿಯ ಎಂಜಿನ್ನಿಟ್ಟು ಫಾರ್ಮುಲಾ ಮಾರುತಿ ಕಾರುಗಳನ್ನು ಕಟ್ಟಿದವರು ಅವರು. ಅಲ್ಲಿ ನಮ್ಮ ಕಾರು ಏನು ಸಾಧಿಸಿತೆಂದು ಕೇಳಿದರೆ, ಹೊಸ ಸಣ್ಣ ಕಾರುಗಳೆಲ್ಲ ನೇರ ದಾರಿಯಲ್ಲಿ ನಮ್ಮನ್ನು ದಾಟಿ ಹೋದವು ಎಂದೇ ಹೇಳಬೇಕು. ಆದರೆ ತಿರುವಿನಲ್ಲಿ ಅದು ವಾಲದೆ, ನೆಗೆಯದೆ, ಹಾಕಿದ ಗೆರೆಯ ಮೇಲೆ ಹೋಯಿತು. ಮೂರು ಸುತ್ತಾದ ಮೇಲೆ ಬ್ರೇಕಿನ ಪೆಡಲು ಮೊದಲಿದ್ದ ಎತ್ತರದಲ್ಲಿಯೇ ಇತ್ತು. ಎಂಜಿನ್ನಿನ ಶಾಖ ಏರಲಿಲ್ಲ, ಎಣ್ಣೆಯ ಒತ್ತಡ ಇಳಿಯಲಿಲ್ಲ. ಸ್ಟೇರಿಂಗಿನ ಪಕ್ಕದ ಉದ್ದನೆಯ ಗೇರುಕೋಲಿನಿಂದ ಮೂರನೆಯದರಿಂದ ಎರಡನೆಯದಕ್ಕೆ ಬರುವಾಗ ಹುಡುಗ ನಡುವೆ ಆಕ್ಸಿಲರೇಟರನ್ನು ಒತ್ತಿ, ಗೇರು ಸದ್ದಿಲ್ಲದೆ ಬೀಳುವುದನ್ನು ಕಲಿತ. ಹೊಸ ಕಾರುಗಳಲ್ಲಿ ಬಂದಿದ್ದ ಹುಡುಗರು ಮಧ್ಯಾಹ್ನದ ಹೊತ್ತಿಗೆ ನಮ್ಮ ಸುತ್ತ ನೆರೆದು, ತಮಗೂ ಒಂದು ಸುತ್ತು ಕೊಡಿರೆಂದು ಕೇಳುತ್ತಿದ್ದರು. ನಾಲ್ಕು ಜನರನ್ನು ಹಿಂದೆ ಕೂಡಿಸಿಕೊಂಡು ನಿಧಾನವಾಗಿ ಒಂದು ಸುತ್ತು ಹೋದೆವು. ಸ್ಟೇಷನ್ ವ್ಯಾಗನ್ನಿಗೆ ಅದೊಂದು ಅನುಕೂಲವುಂಟು.

ಹಿಂದಿರುಗಿದ ಮರುದಿನ ಮೈದಾನದ ಹೆಡ್ಡನ್ನೂ ಜೋಡಿ ಕಾರ್ಬುರೇಟರುಗಳನ್ನೂ ಮುಂದಿನ ಸರಳನ್ನೂ ಬಿಚ್ಚಿ, ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟೆವು. ಮನೆಯ ಹೆಡ್ಡನ್ನು ಕೂಡಿಸಿ ಬೋಲ್ಟುಗಳನ್ನು ಮಧ್ಯದಿಂದ ಹೊರಕ್ಕೆ, ಮೂರು ಸಲವಾಗಿ, ಬಿಗಿದೆವು. ಆ ವಾರವೇ ಅಮ್ಮನನ್ನು ಕಳಸಕ್ಕೆ ಕರೆದುಕೊಂಡು ಹೋಗಿ ಬಂದಾಯಿತು. ಆಕೆಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಹುಡುಗನಿಗೆ ಅದರಿಂದ ಸ್ವಲ್ಪ ಬೇಸರವಾದಂತೆ ತೋರಿತು. ನೋಂದಣಿಯ ನವೀಕರಣಕ್ಕೆ ಇನ್ನು ಎರಡು ವರ್ಷವಿದೆ. ಹಿಂಬಾಗಿಲಿನ ಕೆಳತುದಿಯಲ್ಲಿ, ಬೀಡಿಂಗಿನ ಅಡಿಯಲ್ಲಿ, ಒಂದು ಅಂಗುಲದಷ್ಟು ತುಕ್ಕು ಮತ್ತೆ ಕಾಣಿಸಿಕೊಂಡಿದೆ. ಮಳೆ ಹಿಡಿಯುವುದಕ್ಕೆ ಮುಂಚೆ ಮೇಸ್ತ್ರಿಯವರನ್ನು ಕರೆಸಿ ಅಷ್ಟನ್ನು ಕತ್ತರಿಸಿ ಹೊಸ ತಗಡು ಕೂಡಿಸಬೇಕಾಗಿದೆ.